ಚುಕ್ಕಾಣಿ ಯಾರ ಕೈಯಲ್ಲಿ?

2023ನೆಯ ಇಸವಿಯ ಆಗಸ್ಟ್ 23ರ ಸಂಜೆ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದ ಬಸ್ಸೊಂದು ಮಸ್ಕಿಯಲ್ಲಿ ವೇಳೆ ಮೀರಿದರೂ ಕದಲಲಿಲ್ಲ. ಬಸ್ಸಿಗೆ ಯಾವ ರೋಗವೂ ತಗುಲಿರಲಿಲ್ಲ. ಡ್ರೈವರನೂ ಕಂಡಕ್ಟರನೂ ಕೆಳಗಿಳಿದು ಎದುರಿನ ಚಹದ ಅಂಗಡಿಯ ಟೀವಿಯ ಮುಂದೆ ನಿಂತುಬಿಟ್ಟಿದ್ದರು. ಅವರನ್ನು ಗದರಿಸಲೆಂದು ಇಳಿದ ಪ್ರಯಾಣಿಕರೂ ಬಂದ ಕೆಲಸವನ್ನು ಮರೆತು ಅವರ ಬೆನ್ನ ಹಿಂದೆ ನಿಂತರು. ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ನೆಲಕ್ಕೆ ಇಳಿಯತೊಡಗಿತ್ತು.

ಗುಂಪಿನಲ್ಲಿ ಹೆಗಲ ಮೇಲೆ ಟವೆಲು ಹೊದ್ದ ಒಬ್ಬ ಹಿರಿಯರಿದ್ದರು. ಹಟ್ಟಿಯ ಚಿನ್ನದ ಗಣಿಯಲ್ಲಿ ಕಾರ್ಮಿಕರ ಕೇಜನ್ನು ಇಳಿಸಿ ಏರಿಸುವ ಯಂತ್ರವನ್ನು ಬಹುಕಾಲ ನಡೆಸಿ ನಿವೃತ್ತರಾದವರು. ಮಗಳ ಮನೆಗೆಂದು ಸಿಂಧನೂರಿಗೆ ಹೊರಟಿದ್ದರು. ಪಕ್ಕದಲ್ಲಿ ಪುಸ್ತಕದ ಚೀಲ ಹೊತ್ತು ನಿಂತಿದ್ದ ಕಾಲೇಜು ಹುಡುಗನನ್ನು ಮೆಲ್ಲಗೆ ಕೇಳಿದರು:

"ಅದರಾಗ ಯಾರು ಕುಂತಾರ, ತಮ್ಮಾ?"

"ಯಾರೂ ಇಲ್ಲ, ತಾತ. ಬರೇ ಯಂತ್ರ."

"ಹಂಗಾರ ಬೆಂಗಳೂರಾಗ ಕುಂತವರು ನಡಸ್ತಾರೇನು?"

"ಅವರೂ ಇಲ್ಲ, ತಾತ. ಐದು ನಲವತ್ನಾಲ್ಕಕ್ಕ ಅಪ್ಪಣೆ ಕೊಟ್ಟು ಕೈ ಬಿಟ್ಟಾರ. ಇನ್ನ ಅವರೂ ನಮ್ಮಂಗ ನೋಡೋರೇ."

ಹಿರಿಯರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ಕೈ ಬಿಟ್ಟು ಕುಂದ್ರೋದು ಭಾಳ ಕಠಿಣ ಐತಿ, ತಮ್ಮಾ" ಎಂದರು.

ಆ ಮಾತಿನ ಭಾರವನ್ನು ಅರಿಯಬೇಕಾದರೆ ಅವರ ಕಸುಬನ್ನು ಸ್ವಲ್ಪ ತಿಳಿಯಬೇಕು. ಗಣಿಯ ಕೇಜಿನಲ್ಲಿ ನಿಂತವನಿಗೆ ಅದನ್ನು ನಡೆಸುವ ಯಾವ ಹಿಡಿಯೂ ಇರುವುದಿಲ್ಲ. ಹಿಡಿಯಿರುವುದು ಮೇಲೆ, ನೆಲದ ಮೇಲಿನ ಯಂತ್ರಶಾಲೆಯಲ್ಲಿ ಕುಳಿತವನ ಕೈಯಲ್ಲಿ. ಅವನಿಗೋ ಕೇಜು ಕಾಣುವುದಿಲ್ಲ. ಅವನ ಮುಂದೆ ಆಳವನ್ನು ತೋರಿಸುವ ಒಂದು ಮುಳ್ಳು, ಕಿವಿಗೆ ಗಂಟೆಯ ಸಂಕೇತ, ಇವಿಷ್ಟೇ. ವೇಗವು ಮಿತಿ ಮೀರಿದರೆ, ಕೇಜು ಮೇಲ್ತುದಿಯನ್ನು ದಾಟಿ ಏರಹೋದರೆ, ತಾನಾಗಿಯೇ ಬ್ರೇಕು ಬೀಳುವ ಏರ್ಪಾಡೂ ಅಂಥ ಯಂತ್ರಗಳಲ್ಲಿ ಉಂಟು. ಹೀಗೆ ಒಂದೇ ಹಗ್ಗದ ತುದಿಯಲ್ಲಿ ಜೀವ ಹಿಡಿದು ನಿಂತವನು ಒಬ್ಬ, ನಡೆಸುವವನು ಇನ್ನೊಬ್ಬ, ಇವರಿಬ್ಬರ ಮೇಲೂ ಕಣ್ಣಿಟ್ಟಿರುವುದು ಒಂದು ಯಂತ್ರ. ಗಗನನೌಕೆಯಲ್ಲಿ ಅರವತ್ತು ವರ್ಷಗಳಿಗೂ ಮೀರಿ ನಡೆದುಬಂದಿರುವ ವಾದವು ಈ ಮೂವರ ನಡುವಿನದೇ ಆಗಿದೆ. ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಮೊದಲನೆಯ ಯಾನದಲ್ಲಿಯೇ ಈ ವಾದ ಹುಟ್ಟಿತು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ವೋಸ್ತೋಕ್ ನೌಕೆಯಲ್ಲಿ ಭೂಮಿಯನ್ನು ಸುತ್ತಿ ಬಂದಾಗ ನೌಕೆಯನ್ನು ನಡೆಸಿದ್ದು ಯಂತ್ರವೇ. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ಕೆಟ್ಟೀತೆಂಬ ಅಂಜಿಕೆ ವೈದ್ಯರಿಗಿತ್ತು. ಆದ್ದರಿಂದ ಕೈಯಿಂದ ನಡೆಸುವ ಹಿಡಿಗೆ ಅಂಕೆಗಳ ಬೀಗ ಹಾಕಿ, ಬೀಗ ತೆರೆಯುವ 125 ಎಂಬ ಅಂಕೆಗಳನ್ನು ಒಂದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು. ಅಪಾಯ ಬಂದರೆ ಲಕೋಟೆ ಒಡೆಯತಕ್ಕದ್ದು; ಒಡೆದು ಓದುವಷ್ಟು ಬುದ್ಧಿಯಿದ್ದರೆ ನಡೆಸುವಷ್ಟು ಬುದ್ಧಿಯೂ ಇದ್ದೀತೆಂಬ ತರ್ಕ. ಅಪ್ಪಟ ಸರಕಾರಿ ಜಾಣ್ಮೆ! ಆದರೆ ಆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಹೊರಡುವ ಮುನ್ನವೇ ಅವನ ಮೇಲಿನವರು ಅಂಕೆಗಳನ್ನು ಅವನ ಕಿವಿಯಲ್ಲಿ ಉಸುರಿಬಿಟ್ಟಿದ್ದರು. ನಿಯಮ ಮಾಡಿದವರಿಗೆ ಮನುಷ್ಯನ ಮೇಲೆ ನಂಬಿಕೆಯಿರಲಿಲ್ಲ. ಅವನನ್ನು ಕಳಿಸುವವರಿಗೆ ಯಂತ್ರದ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ.

ಅಮೆರಿಕದಲ್ಲಿ ಜಗಳವು ಬಹಿರಂಗವಾಗಿಯೇ ನಡೆಯಿತು. ಅಲ್ಲಿ ಆರಿಸಿದ ಏಳು ಜನರೂ ಪರೀಕ್ಷಾ ವಿಮಾನಚಾಲಕರು. ತಮಗಿಂತ ಮೊದಲು, 1961ರ ಜನವರಿಯಲ್ಲಿ, ಹ್ಯಾಮ್ ಎಂಬ ಚಿಂಪಾಂಜಿಯನ್ನು ಅದೇ ಬಗೆಯ ನೌಕೆಯಲ್ಲಿ ಕೂರಿಸಿ ಕಳಿಸಿದುದು ಅವರ ಮಾನಕ್ಕೆ ತಟ್ಟಿತು. ಕಿಟಕಿ ಬೇಕು, ಕೈಹಿಡಿ ಬೇಕು ಎಂದು ಹಠ ಹಿಡಿದರು, ಪಡೆದರು. ಆ ಹಠವು ಬರಿಯ ಬಿಂಕವಾಗಿರಲಿಲ್ಲವೆಂಬುದು 1963ರ ಮೇ ತಿಂಗಳಲ್ಲಿ ತಿಳಿಯಿತು. ಗಾರ್ಡನ್ ಕೂಪರ್ 22 ಸುತ್ತು ಸುತ್ತುವಷ್ಟರಲ್ಲಿ ಅವನ ನೌಕೆಯ ಸ್ವಯಂಚಾಲನೆ ಕೈಕೊಟ್ಟಿತು. ಅವನು ಕಿಟಕಿಯ ಹೊರಗಿನ ದಿಗಂತವನ್ನೂ ಕೈಗಡಿಯಾರವನ್ನೂ ನೋಡಿಕೊಂಡು, ಹಡಗು ಕಾಯುತ್ತಿದ್ದ ಜಾಗದಿಂದ ಏಳೆಂಟು ಕಿಲೋಮೀಟರಿನೊಳಗೆ ಸಮುದ್ರಕ್ಕೆ ಇಳಿದನು. ಎರಡು ವರ್ಷಗಳ ತರುವಾಯ ರಷ್ಯದ ಬೆಲ್ಯಾಯೆವ್ ಮತ್ತು ಲಿಯೊನೊವ್‌ಗೂ ಅದೇ ಗತಿ ಬಂದಿತು. ಅವರು ಕೈಯಿಂದಲೇ ನೌಕೆಯನ್ನು ತಿರುಗಿಸಿ ಇಳಿದರು. ಇಳಿಯಬೇಕಾದ ಜಾಗದಿಂದ 380 ಕಿ.ಮೀ.ಗೂ ಹೆಚ್ಚು ದೂರದ ಹಿಮದ ಕಾಡಿನಲ್ಲಿ ಎರಡು ರಾತ್ರಿ ಕಳೆಯಬೇಕಾಯಿತು, ನಿಜ, ಆದರೆ ಇಳಿದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮನುಷ್ಯನ ಪಕ್ಷ ಗೆದ್ದಂತಾಗುತ್ತದೆ. ಆದರೆ ಕತೆಗೆ ಇನ್ನೊಂದು ಮಗ್ಗುಲುಂಟು. 1967ರ ಅಕ್ಟೋಬರಿನಲ್ಲಿ ಜನರಿಲ್ಲದ ಎರಡು ರಷ್ಯನ್ ನೌಕೆಗಳು ಯಾರ ಕೈ ಸೋಂಕಿಲ್ಲದೆ ಅಂತರಿಕ್ಷದಲ್ಲಿ ಒಂದಕ್ಕೊಂದು ಕೂಡಿಕೊಂಡವು. ಮರುವರ್ಷ ಅದೇ ಕೆಲಸವನ್ನು ಕೈಯಿಂದ ಮಾಡಹೋದ ಬೆರಿಗವೋಯ್, ಯುದ್ಧದಲ್ಲಿ ಹೆಸರು ಮಾಡಿದ ವಿಮಾನಚಾಲಕ, ಎದುರಿನ ನೌಕೆಗೆ ತನ್ನ ನೌಕೆ ತಲೆಕೆಳಗಾಗಿದೆಯೆಂಬುದನ್ನು ಗುರುತಿಸದೆ ಇಂಧನವನ್ನೆಲ್ಲ ಸುರಿದು ಬರಿಗೈಯಲ್ಲಿ ಮರಳಿದನು. 1997ರ ಜೂನ್ 25ರಂದು ಮೀರ್ ನಿಲ್ದಾಣದಲ್ಲಿದ್ದವರು ಸಾಮಾನು ನೌಕೆಯೊಂದನ್ನು ಟೀವಿಯ ಪರದೆ ನೋಡಿಕೊಂಡು ಕೈಯಿಂದ ಕೂಡಿಸಲು ಹೋದಾಗ ಅದು ಬಂದು ನಿಲ್ದಾಣಕ್ಕೇ ಬಡಿಯಿತು. ಗಾಳಿ ಸೋರತೊಡಗಿತು. ಒಂದು ಕೋಣೆಯನ್ನೇ ಮುಚ್ಚಿ ಜೀವ ಉಳಿಸಿಕೊಳ್ಳಬೇಕಾಯಿತು. ಸ್ವಯಂಚಾಲಿತ ಉಪಕರಣವು ದುಬಾರಿಯಾಯಿತೆಂದು ಕೈಯ ವಿಧಾನವನ್ನು ಪರೀಕ್ಷಿಸಲು ಹೊರಟದ್ದೇ ಈ ಅನಾಹುತದ ಮೂಲ. ಹಣ ಉಳಿಸಲು ಹೋಗಿ ಮನೆಗೇ ಬೆಂಕಿ ತಾಗಿಸಿಕೊಂಡ ಹಾಗೆ.

ಭಾರತದ ಓದುಗರಿಗೆ ಇವೆರಡಕ್ಕಿಂತ ಹತ್ತಿರದ ದೃಷ್ಟಾಂತವೊಂದಿದೆ. ಅದನ್ನು ಏಕೋ ಯಾರೂ ಅಷ್ಟಾಗಿ ಹೇಳುವುದಿಲ್ಲ. ಬೆಂಗಳೂರಿನ ವಾಯುಸೇನೆಯ ವೈದ್ಯಕೀಯ ಸಂಸ್ಥೆಯಲ್ಲಿ ಕಠಿಣ ಪರೀಕ್ಷೆಗಳನ್ನು ದಾಟಿ, ಮುಂದೆ ಎಚ್.ಎ.ಎಲ್.ನಲ್ಲಿ ಮುಖ್ಯ ಪರೀಕ್ಷಾ ವಿಮಾನಚಾಲಕರಾದ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೊಯೂಜ್ ಟಿ-11ರಲ್ಲಿ ಹೊರಟಾಗ ಅವರ ಜೊತೆಗೆ ಕುಳಿತಿದ್ದವರು ಇಬ್ಬರು, ನಾಯಕ ಮಾಲಿಶೆವ್ ಮತ್ತು ಎಂಜಿನಿಯರ್ ಸ್ತ್ರೆಕಾಲೊವ್. ಮಾಲಿಶೆವ್ 1980ರಲ್ಲಿ ಸಾಲ್ಯೂತ್ ನಿಲ್ದಾಣಕ್ಕೆ ಸಮೀಪಿಸುತ್ತಿದ್ದಾಗ ನೌಕೆಯ ಗಣಕಯಂತ್ರ ದಾರಿ ತಪ್ಪಿತ್ತು. ಉಳಿದ ಇನ್ನೂರು ಮೀಟರಿನಷ್ಟು ದೂರವನ್ನು ಅವರು ಕೈಯಿಂದಲೇ ನಡೆಸಿ ಕೂಡಿಸಿದ್ದರು. ಸ್ತ್ರೆಕಾಲೊವ್ ಅವರ ಅನುಭವವು ಇದಕ್ಕೆ ತೀರ ವಿರುದ್ಧ. 1983ರ ಏಪ್ರಿಲಿನಲ್ಲಿ ಅವರಿದ್ದ ನೌಕೆಯ ರೇಡಾರಿನ ಅಂಟೆನಾ ಮುರಿದುಹೋಯಿತು. ದೂರವನ್ನೂ ವೇಗವನ್ನೂ ಕಣ್ಣಳತೆಯಿಂದಲೇ ಊಹಿಸುತ್ತ ಜೊತೆಗಾರ ತಿತೊವ್ ಕೈಯಿಂದ ನಡೆಸಿ ನೋಡಿದರು. ವೇಗ ಮಿತಿ ಮೀರಿತ್ತು. ಬಡಿದೇಬಿಡುವ ಹೊತ್ತಿಗೆ ನೌಕೆಯನ್ನು ಓರೆ ಮಾಡಿ ಪಾರಾಗಿ ಮನೆಗೆ ಮರಳಿದರು. ಒಬ್ಬರಿಗೆ ಕೈ ಒಲಿಯಿತು, ಇನ್ನೊಬ್ಬರಿಗೆ ಒಲಿಯಲಿಲ್ಲ.

ಸ್ತ್ರೆಕಾಲೊವ್ ಅವರ ಗ್ರಹಚಾರ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 26ರ ರಾತ್ರಿ ಅವರೂ ತಿತೊವ್ ಅವರೂ ಮತ್ತೆ ರಾಕೆಟ್ಟಿನ ತುದಿಯಲ್ಲಿ ಕುಳಿತಿದ್ದರು. ಹೊರಡಲು ಒಂದೂವರೆ ನಿಮಿಷವಿರುವಾಗ ಬುಡದಲ್ಲಿ ಬೆಂಕಿ ಹತ್ತಿತು. ಅಪಾಯದಲ್ಲಿ ನೌಕೆಯನ್ನು ಕಿತ್ತು ದೂರ ಒಯ್ಯುವ ಸಣ್ಣ ರಾಕೆಟ್ಟು ನೆತ್ತಿಯ ಮೇಲೆ ಇತ್ತು. ಆದರೆ ಅದನ್ನು ತಾನಾಗಿ ಹೊತ್ತಿಸಬೇಕಾದ ತಂತಿಗಳು ಆ ಬೆಂಕಿಯಲ್ಲೇ ಉರಿದುಹೋಗಿದ್ದವು. ಒಳಗಿದ್ದವರ ಬಳಿ ಅದನ್ನು ಹೊತ್ತಿಸುವ ಗುಂಡಿಯೇ ಇರಲಿಲ್ಲ. ಉಳಿದದ್ದು ನೆಲದ ಮೇಲಿನವರು ಮಾತ್ರ. ಅದೂ ಒಬ್ಬರಲ್ಲ, ಬೇರೆ ಬೇರೆ ಕೋಣೆಗಳಲ್ಲಿದ್ದ ಇಬ್ಬರು ಕೆಲವೇ ಸೆಕೆಂಡುಗಳ ಅಂತರದಲ್ಲಿ ಒತ್ತಿದರಷ್ಟೆ ರೇಡಿಯೋ ಅಪ್ಪಣೆ ಹೋಗುವಂತಿತ್ತು. ಇಬ್ಬರೂ ಒತ್ತಿದರು. ನೌಕೆಯು ಮೇಲಕ್ಕೆ ಚಿಮ್ಮಿದ ಎರಡು ಸೆಕೆಂಡಿಗೆ ಕೆಳಗಿನ ರಾಕೆಟ್ಟು ಸಿಡಿದು ಕುಸಿಯಿತು. ನಾಲ್ಕು ಕಿಲೋಮೀಟರು ಆಚೆ ನೌಕೆಯು ಕೊಡೆಬಿಚ್ಚಿ ಇಳಿಯಿತು. ಮೈಯೆಲ್ಲ ಜರ್ಜರಿತವಾಗಿದ್ದರೂ ಇಬ್ಬರೂ ಬದುಕಿದ್ದರು. ಆರು ತಿಂಗಳು ಕಳೆದ ಮೇಲೆ ಇದೇ ಸ್ತ್ರೆಕಾಲೊವ್ ನಮ್ಮ ರಾಕೇಶ್ ಶರ್ಮಾರ ಜೊತೆಗೆ ನೌಕೆಯಲ್ಲಿ ಬಂದು ಕುಳಿತರು. ಆ ಮನುಷ್ಯನ ಗುಂಡಿಗೆಯನ್ನು ಏನೆಂದು ಹೊಗಳಬೇಕು!

ಹಟ್ಟಿಯ ಹಿರಿಯರು ಹೇಳಿದ ಕಷ್ಟ ಇಲ್ಲಿ ಎರಡೂ ಕಡೆಗೆ ಇದೆ. ಹಿಡಿಯಿಲ್ಲದೆ ಒಳಗೆ ಕುಳಿತವರ ಕಷ್ಟ ಒಂದು. ಕಾಣದವರ ಜೀವವನ್ನು ಬೆರಳ ತುದಿಯಲ್ಲಿ ಹಿಡಿದು ಹೊರಗೆ ಕುಳಿತವರದು ಇನ್ನೊಂದು.

ಚಂದ್ರನ ಮೇಲೆ ಮೊದಲು ಇಳಿದ ಆರ್ಮ್‌ಸ್ಟ್ರಾಂಗ್ ಕತೆಯನ್ನು ಮನುಷ್ಯನ ಪಕ್ಷದವರು ತಪ್ಪದೆ ಮುಂದಿಡುತ್ತಾರೆ. 1969ರ ಜುಲೈ 20ರಂದು ಯಂತ್ರವು ಬಂಡೆಗಳ ರಾಶಿಯ ಕಡೆಗೆ ನೌಕೆಯನ್ನು ಒಯ್ಯುತ್ತಿತ್ತು, ಅವನು ಹಿಡಿಯನ್ನು ತನ್ನ ಕೈಗೆ ತೆಗೆದುಕೊಂಡು ಬಂಡೆಗಳನ್ನು ದಾಟಿಸಿ ಇಳಿಸಿದನು ಎಂಬುದು ಸತ್ಯವೇ. ಆದರೆ ಅವನು ತಿರುಗಿಸಿದ ಹಿಡಿಯು ಎಂಜಿನಿಗೆ ನೇರವಾಗಿ ಸೇರಿರಲಿಲ್ಲ. ಅವನ ಕೈಯ ಇಂಗಿತವನ್ನು ಗಣಕಯಂತ್ರವು ತಿಳಿದು, ಲೆಕ್ಕ ಹಾಕಿ, ಎಂಜಿನುಗಳಿಗೆ ಹೇಳುತ್ತಿತ್ತು. ಅದಕ್ಕೂ ಮೊದಲು ಆ ಯಂತ್ರವು ಕೆಲಸದ ಹೊರೆ ಹೆಚ್ಚಾಗಿ 1202 ಎಂಬ ಅಂಕೆಯನ್ನು ತೋರಿಸಿ ಕೂಗಿಕೊಂಡಿತ್ತು. ಕೂಗುತ್ತಲೇ ಬೇಡದ ಲೆಕ್ಕಗಳನ್ನು ಬದಿಗಿಟ್ಟು ಬೇಕಾದುದನ್ನು ನಡೆಸುವಂತೆ ಮಾರ್ಗರೆಟ್ ಹ್ಯಾಮಿಲ್ಟನ್ ಮೊದಲಾದವರು ಅದನ್ನು ಮೊದಲೇ ಅಣಿಗೊಳಿಸಿದ್ದರು. ಆ ಕೂಗನ್ನು ಕೇಳಿ 'ಮುಂದುವರಿಯಲಿ' ಎಂದು ಭೂಮಿಯಿಂದ ಹೇಳಿದ ಸ್ಟೀವ್ ಬೇಲ್ಸ್‌ಗೆ ಆಗ 26 ವರ್ಷ. ಆ ಇಳಿತದ ಕೀರ್ತಿಯನ್ನು ಹಂಚಹೊರಟರೆ ಮನುಷ್ಯನ ಪಾಲು ಇಷ್ಟು, ಯಂತ್ರದ ಪಾಲು ಇಷ್ಟು ಎಂದು ಗೆರೆ ಎಳೆಯುವವರು ಯಾರು?

ದೂರ ಹೆಚ್ಚಿದಂತೆ ವಾದದ ರೂಪವೇ ಬದಲಾಗುತ್ತದೆ. ಮಸ್ಕಿಯವರಿಗೆ ಇದನ್ನು ವಿವರಿಸುವುದು ಸುಲಭ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನಿಗೆ ಅವರ ಊರಿನ ಗುಡ್ಡದಲ್ಲಿ ಸಿಕ್ಕಿದ ಶಾಸನವು, 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೇ ಹೇಳಿದ ಮೊದಲ ಶಾಸನವೆಂದು ಪ್ರಸಿದ್ಧವಾಗಿದೆ. ಪಾಟಲೀಪುತ್ರದಿಂದ ಹೊರಟ ಅಪ್ಪಣೆಯು ಈ ಸೀಮೆಯನ್ನು ಮುಟ್ಟುವಾಗ ಎಷ್ಟು ದಿನಗಳಾಗಿದ್ದವೋ! ಆ ನಡುವೆ ಇಲ್ಲೇನಾದರೂ ಒದಗಿದರೆ ಚಕ್ರವರ್ತಿಯನ್ನು ಕೇಳಿ ಉತ್ತರ ಕಾಯುವಂತಿರಲಿಲ್ಲ; ಸ್ಥಳದಲ್ಲಿದ್ದ ಮಹಾಮಾತ್ರನೇ ವಿವೇಚಿಸಬೇಕಾಗಿತ್ತು. ಮಂಗಳ ಗ್ರಹದ ಪ್ರಶ್ನೆಯೂ ಅದೇ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಗ್ರಹದ ಕಕ್ಷೆಗೆ ಸೇರುವಾಗ ಬೆಂಗಳೂರಿನಿಂದ ಹೊರಟ ರೇಡಿಯೋ ಅಲೆ ಅಲ್ಲಿಗೆ ಮುಟ್ಟಲು ಸುಮಾರು 12 ನಿಮಿಷ ಬೇಕಾಗಿತ್ತು. ಎಂಜಿನು ಉರಿಯಬೇಕಾದದ್ದು 24 ನಿಮಿಷ. ಆ ಅವಧಿಯಲ್ಲಿ ನೌಕೆಯು ಗ್ರಹದ ಮರೆಗೂ ಹೋಗುತ್ತಿತ್ತು. ಆದ್ದರಿಂದ ಅಪ್ಪಣೆಗಳನ್ನೆಲ್ಲ ಹತ್ತು ದಿನ ಮುಂಚೆಯೇ ಅದರ ನೆನಪಿನಲ್ಲಿ ತುಂಬಿಟ್ಟಿದ್ದರು. ಮುನ್ನೂರು ದಿನಗಳಷ್ಟು ಸುಮ್ಮನೆ ಮಲಗಿದ್ದ ಎಂಜಿನು ಹೇಳಿದ ಗಳಿಗೆಗೆ ಎದ್ದು ಉರಿಯಿತು.

ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವುದು ಯಂತ್ರದ ಗುಣ. ಅದೇ ಅದರ ದೋಷವೂ ಆಗಬಹುದೆಂಬುದನ್ನು 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ದೇಶವೆಲ್ಲ ಎಚ್ಚರವಿದ್ದು ಕಂಡಿತು. ಚಂದ್ರಯಾನ-2ರ ವಿಕ್ರಮ್ ಇಳಿಯುವಾಗ ಅದರ ಎಂಜಿನುಗಳು ಎಣಿಸಿದ್ದಕ್ಕಿಂತ ಹೆಚ್ಚಿನ ಬಲ ಕೊಟ್ಟವು. ತಪ್ಪುಗಳು ಒಂದರ ಮೇಲೊಂದು ಕೂಡಿದವು. ತಿದ್ದಿಕೊಳ್ಳಲು ನೌಕೆಯು ಬೇಗಬೇಗನೆ ತಿರುಗಬೇಕಾಗಿತ್ತು. ಆದರೆ ಇಷ್ಟಕ್ಕಿಂತ ವೇಗವಾಗಿ ತಿರುಗಬಾರದೆಂದು ಅದಕ್ಕೆ ಕಟ್ಟು ಹಾಕಿದ್ದರು. ಇಳಿಯಲು ಗೊತ್ತುಮಾಡಿದ್ದ ಜಾಗವೋ 500 ಮೀಟರು ಉದ್ದಗಲದ ಒಂದು ಹೊಲದಷ್ಟು. ನೆಲ ಹತ್ತಿರವಾಗಿ ಬರುತ್ತಿದ್ದರೂ ಯಂತ್ರವು ಆ ಹೊಲವನ್ನೇ ಮುಟ್ಟಲು ಹವಣಿಸಿತು. ಒಳಗೆ ಒಬ್ಬ ಚಾಲಕನಿದ್ದಿದ್ದರೆ ಜಾಗದ ಆಸೆ ಬಿಟ್ಟು ಎಲ್ಲಿಯಾದರೂ ಇಳಿಯಲು ನೋಡುತ್ತಿದ್ದನೇನೋ. ಇಲ್ಲವೆ ಅವನೂ ಮಡಿಯುತ್ತಿದ್ದನು. ಈ ಎರಡನೆಯ ಸಂಭವವನ್ನು ಮರೆತು ಮೊದಲನೆಯದನ್ನಷ್ಟೇ ಹೇಳುವುದು ನ್ಯಾಯವಲ್ಲ.

ಇಸ್ರೋದವರು ಯಂತ್ರವನ್ನು ಬಯ್ದು ಕೂಡಲಿಲ್ಲ. ಅದಕ್ಕೆ ವಿವೇಕವನ್ನು ಕಲಿಸಿದರು. ಏನೇನು ಸರಿಯಾಗಿ ನಡೆಯಬೇಕೆಂದು ಯೋಚಿಸುವ ಬದಲು ಏನೇನು ಕೆಡಬಹುದೆಂದು ಪಟ್ಟಿ ಮಾಡಿ, ಒಂದೊಂದಕ್ಕೂ ದಾರಿ ತೋರಿದರು. 500 ಮೀಟರಿನ ಹೊಲವು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲದ ಬಯಲಾಯಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. ಅದರ ಫಲವನ್ನೇ ಮಸ್ಕಿಯ ಆ ಗುಂಪು ಕಣ್ಣರಳಿಸಿ ನೋಡುತ್ತಿದ್ದದ್ದು. ಮೂವತ್ತು ಕಿಲೋಮೀಟರು ಎತ್ತರದಲ್ಲಿ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿದ್ದ ನೌಕೆ ಇಪ್ಪತ್ತು ನಿಮಿಷದೊಳಗೆ ನೆಲ ಮುಟ್ಟಿ ನಿಂತಿತು. ಗಂಟೆ ಆರು ಕಳೆದು ನಾಲ್ಕು ನಿಮಿಷ.

ಇಂಥ ಪಾಠಗಳು ಕರ್ನಾಟಕದ ನೆಲದ ಮೇಲೂ ನಡೆದವು. ಸಿಂಧನೂರಿನಿಂದ ಸಿರುಗುಪ್ಪ, ಬಳ್ಳಾರಿ ದಾಟಿ ದಕ್ಷಿಣಕ್ಕೆ ಹೋದರೆ ಚಳ್ಳಕೆರೆ ಸಿಕ್ಕುತ್ತದಷ್ಟೆ. ಆ ಸೀಮೆಯ ವಿಮಾನ ಪರೀಕ್ಷಾ ಬಯಲಿನಲ್ಲಿ ಪುಷ್ಪಕ್ ಎಂಬ ರೆಕ್ಕೆಯುಳ್ಳ, ಚಾಲಕನಿಲ್ಲದ ವಾಹನವನ್ನು 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಕೈಬಿಟ್ಟರು. ಕಡೆಯ ಸಲ ಬೇಕೆಂದೇ ದಾರಿಯಿಂದ 500 ಮೀಟರು ಪಕ್ಕಕ್ಕೆ ಬಿಟ್ಟಿದ್ದರು. ಮೂರು ಸಲವೂ ಅದು ತಾನೇ ದಾರಿ ಹುಡುಕಿ ಓಡುದಾರಿಯ ಮೇಲೆ ಇಳಿಯಿತು. 2025ರ ಜನವರಿ 16ರಂದು ಸ್ಪೇಡೆಕ್ಸ್‌ನ 220 ಕಿಲೋ ತೂಕದ ಎರಡು ಉಪಗ್ರಹಗಳು ಕೂಡಿಕೊಂಡವು. ಅದರ ಮೊದಲು ಎರಡು ಸಲ ಮುಹೂರ್ತ ಮುಂದೆ ಹೋಗಿತ್ತು. ಮೂರು ಮೀಟರಿನವರೆಗೆ ತಂದು, ಬೇಡವೆಂದು ಹಿಂದಕ್ಕೆ ಸರಿಸಿದ್ದೂ ಉಂಟು. ಕೂಡುವ ಕೆಲಸ ಯಂತ್ರದ್ದು. 'ಇವತ್ತು ಬೇಡ' ಎನ್ನುವ ಮಾತು ಬೆಂಗಳೂರಿನ ಮನುಷ್ಯರದು.

ಆದರೆ ಒಳಗೆ ಜೀವವಿರುವಾಗ 'ಇವತ್ತು ಬೇಡ' ಎನ್ನುವುದು ಅಷ್ಟು ಸಲೀಸಲ್ಲ. ಸುನೀತಾ ವಿಲಿಯಮ್ಸ್ ಅವರ ಸಂಗತಿ ಎಲ್ಲರಿಗೂ ನೆನಪಿದ್ದೀತು. ಆ ಸ್ಟಾರ್‌ಲೈನರ್ ನೌಕೆಯು 2019ರಲ್ಲಿ ಜನರಿಲ್ಲದೆ ಹೋದಾಗ ಅದರ ಗಡಿಯಾರವೇ 11 ಗಂಟೆ ತಪ್ಪಿತ್ತು. ಯಂತ್ರವು ಆ ತಪ್ಪು ಗಡಿಯಾರವನ್ನೇ ನಂಬಿ ಇಂಧನ ಸುಟ್ಟುಕೊಂಡು ನಿಲ್ದಾಣ ಮುಟ್ಟದೆ ಮರಳಿತು. ಒಳಗೆ ಜನರಿದ್ದಿದ್ದರೆ ಸರಿಪಡಿಸುತ್ತಿದ್ದರೆಂದು ನಾಸಾದ ಮುಖ್ಯಸ್ಥರೇ ಆಗ ಹೇಳಿದರು. 2024ರ ಜೂನ್ 6ರಂದು ಒಳಗೆ ಜನರಿದ್ದರು. ನಿಲ್ದಾಣ ಸಮೀಪಿಸುವಾಗ ದಿಕ್ಕು ತಿದ್ದುವ ಚಿಕ್ಕ ಎಂಜಿನುಗಳಲ್ಲಿ ಐದು ನಿಂತುಹೋದವು. ನಾಯಕ ವಿಲ್ಮೋರ್ ಹಿಡಿಯನ್ನು ಕೈಗೆ ತೆಗೆದುಕೊಂಡು ನೌಕೆಯನ್ನು ಹಿಡಿದಿಟ್ಟರು. ಭೂಮಿಯವರು ನಾಲ್ಕು ಎಂಜಿನುಗಳನ್ನು ಮತ್ತೆ ಎಬ್ಬಿಸಿದರು. ಮುಂದಿನ ಜೋಡಣೆಯನ್ನು ಯಂತ್ರವೇ ಮುಗಿಸಿತು. ಮೂರು ತಿಂಗಳಾದ ಮೇಲೆ ಅದೇ ನೌಕೆಯನ್ನು ಬರಿದಾಗಿ ಇಳಿಸಿದಾಗ ಅದು ಯಾರ ಸಹಾಯವೂ ಇಲ್ಲದೆ ಸುಖವಾಗಿ ಇಳಿಯಿತು! ಸುನೀತಾ ಮತ್ತು ವಿಲ್ಮೋರ್ 2025ರ ಮಾರ್ಚಿನವರೆಗೆ ಮೇಲೆಯೇ ಉಳಿದು ಬೇರೆ ನೌಕೆಯಲ್ಲಿ ಬಂದರು. ಅವರನ್ನು ಅದರಲ್ಲೇ ಕಳಿಸಬಹುದಿತ್ತಲ್ಲ ಎನ್ನುವವರು, ಇಳಿದ ಮೇಲೆ ಹಾಗೆನ್ನುವುದು ಸುಲಭವೆಂಬುದನ್ನು ನೆನೆಯಬೇಕು.

ಗಗನಯಾನ ಯೋಜನೆಯ ಮುಂದೆ ನಿಂತಿರುವ ಪ್ರಶ್ನೆಯೂ ಇದೇ. ಬೆಂಗಳೂರಿನಲ್ಲಿ ಪಳಗಿದ ನಾಲ್ವರು, ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ, ಎಲ್ಲರೂ ವಾಯುಸೇನೆಯ ಪರೀಕ್ಷಾ ವಿಮಾನಚಾಲಕರೇ. ಯಂತ್ರವೇ ನಡೆಸುವುದಾದರೆ ಇಷ್ಟು ಪಳಗಿದ ಕೈ ಏಕೆ ಬೇಕು? 2025ರ ಜೂನಿನಲ್ಲಿ ಶುಕ್ಲಾ ಅವರು ಚಾಲಕರೆಂಬ ಹೆಸರಿನಿಂದಲೇ ಡ್ರ್ಯಾಗನ್ ನೌಕೆಯಲ್ಲಿ ಹೋದರು. ನೌಕೆಯು ತಾನಾಗಿ ಹೋಗಿ ನಿಲ್ದಾಣಕ್ಕೆ ಕೂಡಿತು. ಅವರು ಪರದೆಯ ಮೇಲೆ ಕಣ್ಣಿಟ್ಟು ಕುಳಿತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೇಲೆ ಮೊಳೆಸುವ ಪ್ರಯೋಗವೂ ಆ ಯಾನದಲ್ಲಿ ಸೇರಿತ್ತು. ನೋಡುತ್ತ ಕುಳಿತುಕೊಳ್ಳುವುದನ್ನು ಕೆಲಸವಲ್ಲವೆಂದು ಬಗೆದವರು ಹಟ್ಟಿಯ ಯಂತ್ರಶಾಲೆಯಲ್ಲಿ ಒಂದು ಪಾಳಿ ಕುಳಿತು ಬರಲಿ.

ತುಂಗಭದ್ರೆಯ ಎಡದಂಡೆಯ ರೈತರಿಗೆ ಈ ಮಾತು ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಬೆಳೆಯ ನೀರೆಲ್ಲ ಕಣ್ಣೆದುರಿಗೆ ಹರಿದುಹೋಗುವುದನ್ನು ಸಿಂಧನೂರಿನವರು ಎದೆ ಹಿಡಿದುಕೊಂಡು ಕೇಳಿದರು. ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ಎಂಜಿನಿಯರು ಬಂದು ನಿಂತು, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿಸಿದರು.

ಇರಲಿ, ಆ ಬಸ್ಸಿನ ಮಾತಿಗೆ ಬರೋಣ. ವಿಕ್ರಮ್ ಇಳಿದದ್ದೇ ತಡ, ಅಂಗಡಿಯವನು ಎಲ್ಲರಿಗೂ ಪೇಡೆ ಹಂಚಿದನು. ಬಸ್ಸು ಹೊರಟಿತು. ಹುಡುಗನು ಹಿರಿಯರ ಪಕ್ಕದಲ್ಲೇ ಕುಳಿತಿದ್ದನು.

"ಮುಂದ ಮನಷ್ಯಾರನ್ನೂ ಕಳಸ್ತಾರಂತ, ತಾತ. ಅದಕೂ ಮೊದಲ ವ್ಯೋಮಮಿತ್ರ ಅಂತ ಒಂದು ಗೊಂಬಿ ಕುಂದ್ರಿಸಿ ನೋಡ್ತಾರ."

"ನೋಡ್ಲಿ. ನಾವೂ ಹೊಸಾ ಹಗ್ಗ ಹಾಕಿದಾಗ ಮೊದಲ ಬರೇ ಕೇಜು ಬಿಡ್ತಿದ್ವಿ." ಸ್ವಲ್ಪ ತಡೆದು ಅವರು ಮತ್ತೆ ಕೇಳಿದರು: "ಒಳಗ ಕುಂತವರಿಗೆ ಗಂಟಿ ಇರ್ತದೇನು, ತಮ್ಮಾ? ನಿಂದರಸು ಅಂತ ಮ್ಯಾಲಿನವರಿಗೆ ತಿಳಸಾಕ?"

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಓದಿ ಹೇಳುವುದಾಗಿ ಮಾತು ಕೊಟ್ಟನು. ಸಿಂಧನೂರು ಸಮೀಪಿಸಿದಾಗ ಕತ್ತಲಾಗಿತ್ತು. ಉಪಕಾಲುವೆಯ ತೂಬಿನ ಬಳಿ ಒಬ್ಬ ಗ್ಯಾಂಗ್‌ಮನ್ ಬ್ಯಾಟರಿಯ ಬೆಳಕು ಬಿಟ್ಟು ನೀರಿನ ಮಟ್ಟ ನೋಡುತ್ತ ನಿಂತಿದ್ದನು. ಬಸ್ಸಿನ ಡ್ರೈವರನು ಹಾರ್ನು ಬಾರಿಸಿದನು. ಅವನು ತಿರುಗಿ ನೋಡದೆ ಕೈಯೊಂದನ್ನು ಮೇಲೆತ್ತಿದನು.